ಬಿದ್ದ ನೀರಿನ ಹಿಂದೆ



ಆಫ್ರಿಕಾ ಖಂಡದ ದೊಡ್ಡ ಹೊಳೆಗಳಲ್ಲಿ ಜಾಂಬೆಜಿಯೂ ಒಂದು. ಜಾಂಬಿಯಾ ದೇಶದ ವಾಯವ್ಯ ಮೂಲೆಯಲ್ಲಿ ಹುಟ್ಟಿ, ಅಂಗೋಲಾಕ್ಕೆ ಹೋಗಿ, ಮತ್ತೆ ಜಾಂಬಿಯಾಕ್ಕೆ ಮರಳಿ, 2,500 ಕಿಲೋಮೀಟರಿಗೂ ಹೆಚ್ಚು ಹರಿದು ಮೊಜಾಂಬಿಕ್ ದೇಶದಲ್ಲಿ ಸಮುದ್ರ ಸೇರುತ್ತದೆ. ಅದು ಸೇರುವುದು ನಮ್ಮ ಹಿಂದೂ ಮಹಾಸಾಗರವನ್ನೇ. ದಾರಿಯ ನಡುವೆ ಸುಮಾರು 1,700 ಮೀಟರ್ ಅಗಲಕ್ಕೆ ಹರಡಿಕೊಂಡು ನಿಧಾನವಾಗಿ ಬರುವ ಈ ಹೊಳೆ, ಒಂದು ಕಡೆ 108 ಮೀಟರ್ ಆಳದ ಬಿರುಕಿಗೆ ಒಮ್ಮೆಲೇ ಬಿದ್ದುಬಿಡುತ್ತದೆ. 1855ರಲ್ಲಿ ಅದನ್ನು ಕಂಡ ಡೇವಿಡ್ ಲಿವಿಂಗ್‌ಸ್ಟನ್ ತನ್ನ ರಾಣಿಯ ಹೆಸರಿಟ್ಟು ವಿಕ್ಟೋರಿಯಾ ಜಲಪಾತವೆಂದ. ಅಲ್ಲಿನ ಜನರಿಗೆ ಅದು ಮೊದಲಿನಿಂದಲೂ ಮೋಸಿ-ಓವಾ-ತುನ್ಯಾ, ಗುಡುಗುವ ಹೊಗೆ. ಜಗತ್ತಿನ ನಾನಾ ಕಡೆಯಿಂದ ಜನ ಬಂದು ನೋಡುವುದು ಆ ಬೀಳುವ ನೀರನ್ನು. ಬಿದ್ದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ ಎಂದು ನೋಡುವವರು ಕಡಿಮೆ. ನಾನೂ ನಮ್ಮ ಯಜಮಾನರೂ ಆ ನೀರಿನ ಹಿಂದೆಯೇ ಹೋಗಿ ಬಂದೆವು. ಇವತ್ತಿನ ನನ್ನ ಮಾತು ಅದರ ಬಗ್ಗೆ.

ನಮ್ಮಿಬ್ಬರ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಅದು ಮುಂದೆ ಬೇಕಾಗುತ್ತದೆ. ನಮ್ಮವರು ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರು, ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಬಹಳ ಕಾಲ ದುಡಿದವರು. ನನ್ನ ತವರು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿ. ಅದು ಈಗ ಅದೇ ಯೋಜನೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಅಣೆಕಟ್ಟು ಕಟ್ಟಿದವರ ಮನೆಗೆ ಮುಳುಗಿದ ಊರಿನ ಮಗಳು ಸೊಸೆಯಾಗಿ ಬಂದ ಸಂಸಾರ ನಮ್ಮದು. ಈ ವಿಷಯದಲ್ಲಿ ನಮ್ಮೊಳಗೆ ಜಗಳವಿಲ್ಲ, ಒಮ್ಮತವೂ ಇಲ್ಲ.

ನನ್ನ ತಮ್ಮನ ಮಗ ಲುಸಾಕಾದಲ್ಲಿ ಕೆಲಸಕ್ಕಿದ್ದಾನೆ. 2024ರ ಅಕ್ಟೋಬರಿನಲ್ಲಿ ಅವನ ಮನೆಗೆಂದು ಹೋದವರು ಅಲ್ಲಿಂದ ಬಸ್ಸು ಹಿಡಿದು ಜಲಪಾತದ ಪಕ್ಕದ ಲಿವಿಂಗ್‌ಸ್ಟನ್ ಪಟ್ಟಣಕ್ಕೆ ಬಂದೆವು. ಆ ಸೀಮೆಯ ಅಕ್ಟೋಬರ್ ಎಂದರೆ ನಮ್ಮ ಕಡೆಯ ಮೇ ತಿಂಗಳ ಬಿಸಿಲು. ಜಾಂಬಿಯಾದ ದಂಡೆಯಿಂದ ನೋಡಿದರೆ ಜಲಪಾತದ ಬಹುಭಾಗ ಬರಿಯ ಕಪ್ಪು ಬಂಡೆ. ನೀರೆಲ್ಲ ಆಚೆ ಜಿಂಬಾಬ್ವೆ ಕಡೆಯ ಆಳದಲ್ಲಿ ಇಳಿಯುತ್ತಿತ್ತು. ಆದರೆ ಕಮರಿಗೆ ಇಳಿದು ತೆಪ್ಪ ನಡೆಸಬೇಕಾದರೆ ಇದೇ ಸರಿಯಾದ ಕಾಲ. ಮೇಲಿನ ಸೀಮೆಯಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಬಿದ್ದ ಮಳೆಯನ್ನು ಬಾರೋಟ್ಸೆ ಎಂಬ ವಿಶಾಲವಾದ ಬಯಲು ತನ್ನಲ್ಲಿ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಹಾಗಾಗಿ ಮಳೆ ನಿಂತ ಮೇಲೆ, ಏಪ್ರಿಲ್ ಹೊತ್ತಿಗೆ, ಇಲ್ಲಿ ಹೊಳೆಗೆ ತುಂಬು ಪ್ರವಾಹ. ಆಗ ಕಮರಿಯಲ್ಲಿ ತೆಪ್ಪ ಇಳಿಸುವುದು ಜೀವಕ್ಕೆ ಸಂಚಕಾರ. ಆಗಸ್ಟಿನಿಂದ ಡಿಸೆಂಬರಿನವರೆಗೆ ನೀರು ಇಳಿದು, ಬಂಡೆಗಳ ನಡುವೆ ಹೊಳೆಯ ನಿಜವಾದ ಇಳಿಜಾರು ತೋರುತ್ತದೆ.

“ಹೋಗೂಣೇನ್ರೀ?” ಎಂದು ಕೇಳಿದೆ. “ನೀ ಹೂಂ ಅಂದ್ರ ಹೋಗೂಣು” ಎಂದರು. ನಾನು ಹೂಂ ಎಂದೆ.

ಜಲಪಾತದಿಂದ ಕೆಳಗೆ ಹೊಳೆ ಹರಿಯುವ ಕಮರಿಯ ಹೆಸರು ಬಟೋಕಾ. ಮೇಲಿನಿಂದ ನೋಡಿದರೆ ಅದು ನೇರವಾಗಿಲ್ಲ, ಅಂಕುಡೊಂಕಾಗಿ ಮಡಚಿಕೊಂಡು ಹೋಗಿದೆ. ಇದಕ್ಕೆ ಕಾರಣ ಅಲ್ಲಿನ ಕಲ್ಲು. ಸುಮಾರು 18 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನಿಂದ ಉಕ್ಕಿ ಹರಡಿದ ಲಾವಾ ಆರಿ ಬಸಾಲ್ಟ್ ಬಂಡೆಯಾಯಿತು. ಆರುವಾಗ ಬಿದ್ದ ಬಿರುಕುಗಳಲ್ಲಿ ಮೆತ್ತಗಿನ ಮಣ್ಣುಕಲ್ಲು ತುಂಬಿಕೊಂಡಿತು. ಹೊಳೆ ಒಂದು ಬಿರುಕನ್ನು ಕೊರೆದು ಜಲಪಾತವಾಗುತ್ತದೆ, ಮುಂದೆ ಯುಗಗಳು ಕಳೆದಂತೆ ಅದನ್ನು ಬಿಟ್ಟು ಹಿಂದಿನ ಬಿರುಕನ್ನು ಕೊರೆಯುತ್ತದೆ. ಅಂದರೆ ಕಮರಿಯ ಒಂದೊಂದು ತಿರುವೂ ಒಂದು ಕಾಲದಲ್ಲಿ ಜಲಪಾತ ಇದ್ದ ಜಾಗ. ವಿಜಯಪುರದ ಕಡೆಯವರಿಗೆ ಈ ಕಲ್ಲು ಹೊಸದಲ್ಲ. ನಮ್ಮ ದಖ್ಖನ್ ಪ್ರಸ್ಥಭೂಮಿಯ ಲಾವಾ ವಯಸ್ಸಿನಲ್ಲಿ ಬಹಳ ಕಿರಿದು, ಆರೂವರೆ ಕೋಟಿ ವರ್ಷದ್ದು, ಆದರೆ ಜಾತಿ ಅದೇ. ಗೋಳಗುಮ್ಮಟ ಕಟ್ಟಿದ ಕರಿಯ ಕಲ್ಲು ಅದು. ಕಮರಿಗೆ ಇಳಿಯುವ ಮೆಟ್ಟಿಲಲ್ಲಿ ನಮ್ಮವರು ನಿಂತು ಬಂಡೆಯ ಮೇಲೆ ಅಂಗೈ ಇಟ್ಟು, “ನಮ್ಮ ಕಲ್ಲು” ಎಂದರು.

ನಾವು ನೀರಿಗಿಳಿದದ್ದು ಬಾಯ್ಲಿಂಗ್ ಪಾಟ್ ಎಂಬ ಮಡುವಿನ ಹತ್ತಿರ. ಜಲಪಾತದ ನೀರೆಲ್ಲ ಒಂದು ಇಕ್ಕಟ್ಟಿನಿಂದ ಹೊರಬಂದು ಇಲ್ಲಿ ಗಿರಗಿರನೆ ತಿರುಗುತ್ತದೆ. ತಲೆ ಎತ್ತಿದರೆ ಆಕಾಶದ ನಡುವೆ 1905ರಲ್ಲಿ ಕಟ್ಟಿದ ರೈಲು ಸೇತುವೆ. ತಲೆಗೆ ಹೆಲ್ಮೆಟ್, ಮೈಗೆ ಬಿಗಿದ ಲೈಫ್ ಜಾಕೆಟ್, ಕೈಯಲ್ಲಿ ಹುಟ್ಟು. ಗಾಳಿ ತುಂಬಿದ ದಪ್ಪ ರಬ್ಬರಿನ ತೆಪ್ಪ. ನಮ್ಮ ಗೈಡು ಕಮರಿಯ ಮೇಲಿನ ಹಳ್ಳಿಯ ಟೋಂಗಾ ತರುಣ. ನಮ್ಮವರನ್ನು ಎಡಕ್ಕೆ, ನನ್ನನ್ನು ಬಲಕ್ಕೆ ಕೂರಿಸಿದ. ಮುಂದೆ ಕೂತ ಇಬ್ಬರ ಹುಟ್ಟಿನ ಲಯಕ್ಕೆ ಹಿಂದಿನವರೆಲ್ಲ ಹುಟ್ಟು ಹಾಕಬೇಕು, ತನ್ನ ಶಕ್ತಿ ತೋರಿಸಲು ಯಾರೂ ಹೋಗಬಾರದು ಎಂದ. ‘ಫಾರ್ವರ್ಡ್’ ಎಂದರೆ ಮುಂದಕ್ಕೆ, ‘ಬ್ಯಾಕ್’ ಎಂದರೆ ಹಿಂದಕ್ಕೆ, ‘ಗೆಟ್ ಡೌನ್’ ಎಂದರೆ ತೆಪ್ಪದೊಳಕ್ಕೆ ಕುಸಿದು ಕೂತು ಹಗ್ಗ ಹಿಡಿಯುವುದು. ನೀರಿಗೆ ಬಿದ್ದರೆ ಅಂಗಾತ ಮಲಗಿ ಕಾಲನ್ನು ಹೊಳೆ ಹರಿಯುವ ದಿಕ್ಕಿಗೆ ಚಾಚಬೇಕು. ಎದ್ದು ನಿಲ್ಲಲು ಎಂದೂ ಹೋಗಬಾರದು, ಬಂಡೆಗಳ ಸಂದಿನಲ್ಲಿ ಪಾದ ಸಿಕ್ಕಿದರೆ ಸೆಳವು ಮೈಯನ್ನು ಮುಳುಗಿಸಿ ಹಿಡಿಯುತ್ತದೆ.

ಇಷ್ಟನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಅದರ ಮೇಲೆ ಅವನು ನಮಗೆ ನೀರನ್ನು ಓದುವುದನ್ನು ಹೇಳಿಕೊಟ್ಟ. ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ದೊಡ್ಡ ಸಂಪತ್ತು ಅದು.

ಮೇಲಿನಿಂದ ನೋಡಿದರೆ ರ‍್ಯಾಪಿಡ್ ಎಂಬುದು ಬರಿಯ ಬಿಳಿ ನೊರೆಯ ಗಲಾಟೆ. ಆದರೆ ಅದರಲ್ಲಿ ಗೆರೆಗಳಿವೆ. ಎರಡು ಬಂಡೆಗಳ ನಡುವೆ ನೀರು ಒಟ್ಟುಗೂಡಿ ನಾಲಗೆಯಂತೆ ನುಣ್ಣಗೆ, ಕಪ್ಪಗೆ ಮುಂದಕ್ಕೆ ಚೂಪಾಗುತ್ತಾ ಹೋದರೆ ಅಲ್ಲಿ ದಾರಿ ಇದೆ. ಚೂಪು ತುದಿ ಮೇಲ್ಹೊಳೆಯ ಕಡೆಗಿದ್ದು ಕೆಳಕ್ಕೆ ಅಗಲವಾಗುತ್ತಾ ಹೋದರೆ ಆ ತುದಿಯಲ್ಲಿ ಕಲ್ಲು ಅಡಗಿದೆ. ನೀರು ದೊಡ್ಡ ಬಂಡೆಯ ಮೇಲೆ ಹಾಯ್ದು ಆಚೆ ಧುಮುಕಿದಾಗ ಅಡಿಯಲ್ಲಿ ಮುಂದಕ್ಕೆ ಹೋಗುತ್ತದೆ, ಮೇಲ್ಪದರದಲ್ಲಿ ಹಿಂದಕ್ಕೆ ತಿರುಗಿ ಬರುತ್ತದೆ. ಅಂಥ ಕಡೆ ತೆಪ್ಪ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳುವುದು ಕಷ್ಟ, ನೇರವಾಗಿ ವೇಗದಿಂದ ನುಗ್ಗಿ ದಾಟಬೇಕು. ಅಡ್ಡಡ್ಡ ಹೋದರೆ ಮಗುಚುತ್ತದೆ. ಬಂಡೆಯ ಮರೆಯಲ್ಲಿ ಹೊಳೆ ಹಿಮ್ಮುಖವಾಗಿ ಹರಿಯುವ ತಾಣಗಳಿವೆ. ಅಲ್ಲಿ ತೆಪ್ಪ ತಿರುಗಿಸಿ ನಿಲ್ಲಿಸಿಕೊಂಡು ಉಸಿರು ತೆಗೆದುಕೊಳ್ಳಬಹುದು. ಇವೆಲ್ಲ ವಾರವಾರಕ್ಕೆ ಬದಲಾಗುತ್ತವೆ, ನೀರು ಗೇಣು ಏರಿದರೂ ಇಳಿದರೂ ದಾರಿ ಬೇರೆ. ಹೋದ ತಿಂಗಳು ಬಲಕ್ಕಿದ್ದ ದಾರಿ ಈ ತಿಂಗಳು ಎಡಕ್ಕಿರುತ್ತದೆ.

ಇಂಥ ರಭಸದ ನೀರನ್ನು ಒಂದರಿಂದ ಆರರವರೆಗೆ ದರ್ಜೆ ಹಚ್ಚಿ ಅಳೆಯುತ್ತಾರೆ. ಆರನೆಯ ದರ್ಜೆಯಲ್ಲಿ ಪ್ರವಾಸಿಗರನ್ನು ಇಳಿಸುವುದಿಲ್ಲ. ಬಟೋಕಾದ ಹಲವು ರ‍್ಯಾಪಿಡ್‌ಗಳು ನಾಲ್ಕು, ಐದನೆಯ ದರ್ಜೆಯವು. ನಮ್ಮಂಥವರೂ ಇಲ್ಲಿ ಬದುಕಿ ಬರುವುದು ಹೇಗೆಂದರೆ, ಪ್ರತಿಯೊಂದು ಧುಮುಕಿನ ಮುಂದೆಯೂ ಒಂದು ಆಳವಾದ, ಶಾಂತವಾದ ಮಡು ಇದೆ. ಬಿದ್ದವರನ್ನು ಅಲ್ಲಿ ಹೆಕ್ಕಿಕೊಳ್ಳುತ್ತಾರೆ. ಪುಟ್ಟ ಕಯಾಕ್‌ಗಳಲ್ಲಿ ಇದಕ್ಕೆಂದೇ ಇಬ್ಬರು ನಮ್ಮ ಮುಂದೆ ಮುಂದೆ ಹೋಗುತ್ತಿದ್ದರು. ಈ ಹೊಳೆಯನ್ನು ಮೊದಲು ತೆಪ್ಪದಲ್ಲಿ ಇಳಿದದ್ದು 1981ರಲ್ಲಿ, ಅಮೆರಿಕದ ರಿಚರ್ಡ್ ಬ್ಯಾಂಗ್ಸ್ ಅವರ ತಂಡ. ರ‍್ಯಾಪಿಡ್‌ಗಳಿಗೆ ಮೇಲಿನಿಂದ ಕೆಳಕ್ಕೆ ಅಂಕಿ ಇವೆ, ಇಂಗ್ಲಿಷ್ ಅಡ್ಡಹೆಸರುಗಳಿವೆ. ನಾಲ್ಕನೆಯದು ಮಾರ್ನಿಂಗ್ ಗ್ಲೋರಿ, ಐದನೆಯದು ಸ್ಟೇರ್‌ವೇ ಟು ಹೆವನ್. ಆ ಐದನೆಯದರಲ್ಲಿ ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತದೆ. ತೆಪ್ಪದ ಮೂತಿ ಕೆಳಕ್ಕೆ ವಾಲಿದಾಗ ಎದುರಿಗೆ ಕಂಡದ್ದು ಆಕಾಶವಲ್ಲ, ಬರೀ ನೀರಿನ ಗೋಡೆ. ‘ಫಾರ್ವರ್ಡ್’ ಎಂಬ ಕೂಗಿಗೆ ನಾವೆಲ್ಲ ಒಂದೇ ಸಮ ಹುಟ್ಟು ಹಾಕಿದೆವು. ಗೋಡೆ ಒಡೆಯಿತು, ಆಚೆ ಬೆಳಕು ಬಂತು.

ಏಳನೆಯದಕ್ಕೆ ಗಲಿವರ್ಸ್ ಟ್ರಾವೆಲ್ಸ್ ಎಂದು ಹೆಸರು. ಉದ್ದವಾದ, ತಿರುವುಗಳಿರುವ, ಮೇಲಿನಿಂದ ಇಳಿದವರೆಲ್ಲ ಗೌರವದಿಂದ ಮಾತಾಡುವ ರ‍್ಯಾಪಿಡ್ ಅದು. ನಡುವಿನಲ್ಲಿ ಪಕ್ಕದಿಂದ ಎದ್ದ ಒಂದು ಅಲೆ ತೆಪ್ಪದ ಬಲಗಡೆಯನ್ನು ಎತ್ತಿ ಒಗೆಯಿತು. ನಾನು ನೀರಿನಲ್ಲಿದ್ದೆ.

ನೀರಿನೊಳಗೆ ಮೊದಲು ಸದ್ದು ನಿಂತುಹೋಯಿತು. ಮೇಲೆ ಅಷ್ಟು ಆರ್ಭಟಿಸುವ ಹೊಳೆ ಒಳಗೆ ಮೂಕವಾಗಿತ್ತು. ಸುತ್ತ ಬಿಳುಪು, ಆಮೇಲೆ ಹಸಿರು, ಆಮೇಲೆ ಕಪ್ಪು. ಯಾವುದು ಮೇಲೆ ಯಾವುದು ಕೆಳಗೆ ತಿಳಿಯಲಿಲ್ಲ. ನಾನು ಹೊಳೆದಂಡೆಯಲ್ಲಿ ಬೆಳೆದವಳು, ಈಜು ಬಲ್ಲವಳು. ಆದರೆ ಈಜು ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಹೊಳೆ ತನಗೆ ಬೇಕಾದಷ್ಟು ಹೊತ್ತು ನನ್ನನ್ನು ಇಟ್ಟುಕೊಂಡಿತು, ಆಮೇಲೆ ತಾನೇ ಮೇಲಕ್ಕೆ ಬಿಟ್ಟಿತು. ಉಸಿರು ಎಳೆದುಕೊಂಡು, ಹೇಳಿಕೊಟ್ಟಂತೆ ಅಂಗಾತ ಮಲಗಿ ಕಾಲು ಚಾಚಿದೆ. ತೆಪ್ಪ ನನಗಿಂತ ಕೆಳಗೆ ಮಡು ಸೇರಿತ್ತು. ನಮ್ಮವರು ಎಡಬದಿಯಿಂದ ಬಲಬದಿಗೆ ಬಂದು ಹುಟ್ಟಿನ ಹಿಡಿಯನ್ನು ನನ್ನ ಕಡೆ ಚಾಚಿದ್ದರು. ಹಿಡಿದೆ. ನನ್ನ ಜಾಕೆಟ್ಟಿನ ಹೆಗಲಪಟ್ಟಿ ಎರಡನ್ನೂ ಹಿಡಿದು, ಗೈಡು ಕಲಿಸಿದ ಹಾಗೆ ಒಮ್ಮೆ ಕೆಳಕ್ಕೆ ಅದುಮಿ ಆಮೇಲೆ ಎಳೆದುಕೊಂಡರು. ಇಬ್ಬರೂ ತೆಪ್ಪದ ನಡುವೆ ಮಲಗಿದ್ದೆವು. “ಅದೀ ಏನು?” ಎಂದರು. “ಅದೀನಿ” ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಅವರ ದನಿ ಹಾಗೆ ನಡುಗಿದ್ದನ್ನು ನಾನು ಕೇಳಿರಲಿಲ್ಲ.

ಒಂಬತ್ತನೆಯದರಲ್ಲಿ ಯಾರನ್ನೂ ತೆಪ್ಪದಲ್ಲಿ ಕೂರಿಸುವುದಿಲ್ಲ. ಎಲ್ಲರೂ ದಂಡೆಗೆ ಇಳಿದು ಕಾದ ಬಂಡೆಗಳ ಮೇಲೆ ನಡೆದು ಸುತ್ತಿ ಹೋಗಬೇಕು. ಹಾಗೆ ನಡೆಯುವಾಗ ನಮ್ಮ ಗೈಡಿನ ಕೊರಳಲ್ಲಿದ್ದ ಪದಕವನ್ನು ನಮ್ಮವರು ನೋಡಿದರು. ಹಾವಿನ ಮೈ, ಮೀನಿನ ತಲೆ. ಅದು ನ್ಯಾಮಿನ್ಯಾಮಿ, ಟೋಂಗಾ ಜನರ ಹೊಳೆಯ ದೈವ.

ಆ ಕತೆಯನ್ನು ನಿಮಗೆ ಹೇಳಲೇಬೇಕು. ಈ ಕಮರಿಯಿಂದ ಬಹಳ ಕೆಳಗೆ, ಇದೇ ಜಾಂಬೆಜಿಗೆ 1955ರಿಂದ 1959ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿ ಕರಿಬಾ ಎಂಬ ಅಣೆಕಟ್ಟು ಕಟ್ಟಿದರು. ಹಿನ್ನೀರು 280 ಕಿಲೋಮೀಟರ್ ಉದ್ದ ಹಬ್ಬಿತು. ಮನುಷ್ಯ ಕಟ್ಟಿದ ಸರೋವರಗಳಲ್ಲಿ ನೀರಿನ ಪ್ರಮಾಣದ ಲೆಕ್ಕಕ್ಕೆ ಅದೇ ಎಲ್ಲಕ್ಕಿಂತ ದೊಡ್ಡದು. ನಮ್ಮವರು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದರು, ಆಲಮಟ್ಟಿಯ 123 ಟಿಎಂಸಿ ನೀರನ್ನು ಐವತ್ತು ಸಲ ತಂದು ಸುರಿದರೂ ಅದು ತುಂಬುವುದಿಲ್ಲ ಎಂದು. ಸುಮಾರು 57,000 ಟೋಂಗಾ ಜನ ಹೊಳೆದಂಡೆಯ ಹೊಲ ಮನೆ ಬಿಟ್ಟು ಎದ್ದರು. ಆ ಗೋಡೆ ಎದ್ದಾಗ ನ್ಯಾಮಿನ್ಯಾಮಿ ಮೇಲೆ ಉಳಿದ, ಅವನ ಹೆಂಡತಿ ಕೆಳಗೆ ಉಳಿದಳು, ಅವಳನ್ನು ಸೇರಲು ಅವನು ಒದ್ದಾಡುವಾಗೆಲ್ಲ ನೆಲ ನಡುಗುತ್ತದೆ ಎಂದು ಅವರ ನಂಬಿಕೆ. ಕಟ್ಟುವ ಕಾಲದಲ್ಲಿ 1957ರಲ್ಲೂ 1958ರಲ್ಲೂ ಹಿಂದೆಂದೂ ಕಾಣದ ಪ್ರವಾಹ ಬಂದು ಕೆಲಸವನ್ನು ಕೊಚ್ಚಿತು. ನೀರು ತುಂಬಿದ ಮೇಲೆ 1963ರಲ್ಲಿ ಆರಕ್ಕೂ ಮೀರಿದ ತೀವ್ರತೆಯ ಭೂಕಂಪವಾಯಿತು. ಅಷ್ಟು ಭಾರದ ನೀರು ನೆಲದ ಮೇಲೆ ನಿಂತು, ಬಿರುಕುಗಳಲ್ಲಿ ಇಳಿದಾಗ ಹೀಗಾಗುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಇದಕ್ಕೆ ಅವರು ಕೊಡುವ ಇನ್ನೊಂದು ಉದಾಹರಣೆ ನಮ್ಮ ಕೃಷ್ಣೆಯ ಉಪನದಿಯದೇ. 1967ರ ಡಿಸೆಂಬರಿನ ಕೊಯ್ನಾ ಭೂಕಂಪ. ಆ ಬೆಳಗಿನ ಜಾವ ಮನೆಯ ಗಡಿಗೆಗಳು ಒಂದಕ್ಕೊಂದು ಬಡಿದ ಸದ್ದನ್ನು ನನ್ನ ಅವ್ವ ಹೇಳುತ್ತಿದ್ದಳು.

ಗೈಡು ಅದನ್ನು ಕತೆಯೆಂದು ಹೇಳಲಿಲ್ಲ. ಅವನ ಅಜ್ಜ ಎಬ್ಬಿಸಲ್ಪಟ್ಟವರಲ್ಲಿ ಒಬ್ಬ. ನಾನು ನನ್ನ ತವರಿನ ವಿಷಯ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಹೊಳೆ ಈಗ ಹರಿಯುತ್ತದೆಯೇ?” ನಮ್ಮೂರ ಹತ್ತಿರ ಅದು ನಿಂತಿದೆ ಎಂದೆ.

ಹತ್ತನೆಯ ರ‍್ಯಾಪಿಡ್ ದಾಟಿ ದಂಡೆಗೆ ಬಂದ ಮೇಲೆ ಕಮರಿ ಹತ್ತಬೇಕು. ಮರದ ಹಲಗೆ, ಕಲ್ಲು, ಹುಡಿಮಣ್ಣು, ನೆತ್ತಿಯ ಮೇಲೆ ಬಿಸಿಲು. ನಾವು ಹತ್ತು ಹೆಜ್ಜೆಗೊಮ್ಮೆ ನಿಲ್ಲುವಾಗ, ಗಾಳಿ ಬಿಟ್ಟು ಸುರುಳಿ ಸುತ್ತಿದ ತೆಪ್ಪವನ್ನು ಹೊತ್ತ ಹುಡುಗರು ನಮ್ಮನ್ನು ದಾಟಿ ಹೋದರು. ಈ ಕೂಲಿಯಿಂದ ಅವರ ಹಳ್ಳಿಗಳಿಗೆ ದುಡ್ಡು ಬರುತ್ತದೆ. ಮೇಲೆ ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಎನ್‌ಶಿಮಾ ಇತ್ತು, ನಮ್ಮ ಮುದ್ದೆಯ ಹಾಗೆ ಕೈಯಲ್ಲಿ ಮುರಿದು, ಸೊಪ್ಪಿನ ಪಲ್ಯದಲ್ಲಿ ಅದ್ದಿ ತಿನ್ನುವಂಥದ್ದು.

ಅಲ್ಲಿ ಕೂತಾಗ ನಮ್ಮವರು ಮತ್ತೊಂದು ವಿಷಯ ತೆಗೆದರು. ಜಲಪಾತದಿಂದ ಸುಮಾರು 50 ಕಿಲೋಮೀಟರ್ ಕೆಳಗೆ, ಇದೇ ಬಟೋಕಾ ಕಮರಿಗೆ ಅಡ್ಡಲಾಗಿ 180 ಮೀಟರ್ ಎತ್ತರದ ಅಣೆಕಟ್ಟು ಕಟ್ಟುವ ಯೋಜನೆ ದಶಕಗಳಿಂದ ಇದೆ. ಉತ್ಪಾದನೆ 2,400 ಮೆಗಾವಾಟ್, ಜಾಂಬಿಯಾ ಜಿಂಬಾಬ್ವೆ ಎರಡಕ್ಕೂ ಅರ್ಧರ್ಧ. ಕಟ್ಟಿದರೆ ನಾವು ಇಳಿದ ರ‍್ಯಾಪಿಡ್‌ಗಳಲ್ಲಿ ಹೆಚ್ಚಿನವು ಹಿನ್ನೀರಿನಡಿ ಹೋಗುತ್ತವೆ. ಕಮರಿಯ ಗೋಡೆಯಲ್ಲಿ ಗೂಡು ಕಟ್ಟುವ ಟೈಟಾ ಚಾಣ ಎಂಬ ಅಪರೂಪದ ಹಕ್ಕಿಗೂ ಆತಂಕವಿದೆ.

ಕರೆಂಟಿನ ಕಷ್ಟ ನಾವೇ ನೋಡಿದ್ದೆವು. ಆ ವರ್ಷ ಬರ ಬಿದ್ದು ಜಾಂಬಿಯಾ ರಾಷ್ಟ್ರೀಯ ವಿಪತ್ತು ಘೋಷಿಸಿತ್ತು. ಕರಿಬಾ ತಳ ಕಂಡಿತ್ತು. ಲುಸಾಕಾದಲ್ಲಿ ದಿನದ ಹೆಚ್ಚು ಹೊತ್ತು ಕರೆಂಟಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಇದ್ದಿಲ ಒಲೆ ಉರಿಯುತ್ತಿತ್ತು, ಆ ಇದ್ದಿಲಿಗಾಗಿ ಕಾಡು ಬೀಳುತ್ತಿತ್ತು. ದೂರದಿಂದ ಹೋದ ನಾವು, ಮನೆಯಲ್ಲಿ ದೀಪ ಉರಿಯುವವರು, ಅವರಿಗೆ ಕರೆಂಟು ಬೇಡ ಎನ್ನುವುದು ನ್ಯಾಯವಲ್ಲ. ನಮ್ಮವರು ಇದನ್ನು ಬಲವಾಗಿ ಹೇಳಿದರು, ನಾನು ಒಪ್ಪಿದೆ. ಆಲಮಟ್ಟಿಯಿಂದಲೂ ವಿಜಯಪುರ, ಬಾಗಲಕೋಟೆಯ ಹೊಲಗಳಿಗೆ ನೀರು ಹರಿದಿದೆ, 290 ಮೆಗಾವಾಟ್ ವಿದ್ಯುತ್ ಬರುತ್ತಿದೆ. ನಮ್ಮ ಗಣೇಶಗುಡಿಯಲ್ಲಿ ಕಾಳಿ ಹೊಳೆಯ ಮೇಲೆ ತೆಪ್ಪ ನಡೆಯುವುದೂ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿಯೇ. ಆದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಇನ್ನೊಂದು ಮಾತು ಹೇಳಿದರು. ಕರಿಬಾ, ಬಟೋಕಾ ಎರಡಕ್ಕೂ ಒಂದೇ ಹೊಳೆ, ಒಂದೇ ಮಳೆ. ಕರಿಬಾ ಬರಿದಾಗುವ ವರ್ಷ ಬಟೋಕಾಕ್ಕೆ ನೀರು ಎಲ್ಲಿಂದ ಬಂದೀತು? ಇಷ್ಟು ಬಿಸಿಲು ಬೀಳುವ ನಾಡಿನಲ್ಲಿ ಮೊದಲು ಬಿಸಿಲಿನಿಂದ ಕರೆಂಟು ತೆಗೆದು ನೋಡಬೇಕು. ಅಣೆಕಟ್ಟಿನಲ್ಲಿ ಆಯುಷ್ಯ ಸವೆಸಿದ ಎಂಜಿನಿಯರು ಈ ಮಾತು ಆಡಿದ್ದರಿಂದ ನನಗೆ ಅದರ ತೂಕ ಹೆಚ್ಚು.

ನನ್ನ ಯೋಚನೆ ಬೇರೊಂದು ಕಡೆ ಹೋಗಿತ್ತು. ನಮ್ಮೂರಲ್ಲಿ ಅಂಬಿಗರ ಮನೆಗಳಿದ್ದವು. ಶ್ರಾವಣದ ಹೊಳೆಯಲ್ಲಿ ಹರಿಗೋಲು ಹಾಕುವವರಿಗೆ ಎಲ್ಲಿ ಮಡು, ಎಲ್ಲಿ ಸುಳಿ, ಯಾವ ಬಂಡೆ ಎಷ್ಟು ನೀರಿನಲ್ಲಿ ಮುಳುಗುತ್ತದೆ, ಕಾಯಿಲೆಯವರನ್ನು ರಾತ್ರಿ ದಾಟಿಸಬೇಕಾದರೆ ಯಾವ ಗೆರೆ ಹಿಡಿಯಬೇಕು, ಎಲ್ಲ ತಿಳಿದಿತ್ತು. ಬಟೋಕಾದ ಆ ತರುಣನಿಗೆ ತಿಳಿದಂತೆಯೇ. ಮುಳುಗಡೆಯ ಪಟ್ಟಿ ಬರೆಯುವಾಗ ಹೊಲಕ್ಕಿಷ್ಟು, ಮನೆಗಿಷ್ಟು, ಬಾವಿಗಿಷ್ಟು, ಬೇವಿನ ಮರಕ್ಕಿಷ್ಟು ಎಂದು ಬರೆದರು. ಆ ಪಟ್ಟಿಗಳನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ಅಂಬಿಗನಿಗೆ ಗೊತ್ತಿದ್ದ ಹೊಳೆಗೆ ಅದರಲ್ಲಿ ಒಂದು ಕಲಮೂ ಇರಲಿಲ್ಲ. ಮನೆಗೆ ಬದಲು ಮನೆ ಸಿಕ್ಕಿತು. ಆ ತಿಳಿವಳಿಕೆ ನಿಂತ ನೀರಿನ ಮೇಲೆ ಯಾವ ಕೆಲಸಕ್ಕೂ ಬಾರದೆ, ಹೇಳಿಸಿಕೊಳ್ಳುವವರಿಲ್ಲದೆ ಮುಗಿಯುತ್ತಿದೆ. ಅಣೆಕಟ್ಟು ಬೇಕೋ ಬೇಡವೋ ಎಂಬ ವಾದದಲ್ಲಿ ಎರಡು ಕಡೆಯವರೂ ಮರೆತ ನಷ್ಟ ಇದು, ಮತ್ತು ದೊಡ್ಡ ನಷ್ಟ ಎಂದು ನಾನು ನಂಬುತ್ತೇನೆ.

ಊರಿಗೆ ಮರಳಿದ ಮೇಲೆ ಇಬ್ಬರೂ ಪುನರ್ವಸತಿ ಕೇಂದ್ರಕ್ಕೆ ಹೋಗಿ, ನಮ್ಮೂರ ಅಂಬಿಗರಲ್ಲಿ ಉಳಿದಿರುವ ಹಿರಿಯರೊಬ್ಬರ ಹತ್ತಿರ ಕೂತೆವು. ನಮ್ಮವರು ಹಳೆಯ ಸರ್ವೆ ನಕ್ಷೆ ಹಾಸಿದರು. ಆ ಕಾಕಾಗೆ ನಕ್ಷೆ ಓದಲು ಬರುವುದಿಲ್ಲ. ಗುಡಿ ಎಲ್ಲಿ, ಬನ್ನಿಗಿಡ ಎಲ್ಲಿ ಎಂದು ತೋರಿಸಿದ ಮೇಲೆ ಬೆರಳಿಟ್ಟು ಒಂದೊಂದೇ ಮಡುವಿನ ಹೆಸರು ಹೇಳತೊಡಗಿದರು. ಆ ಕೆಲಸ ಇನ್ನೂ ನಡೆದಿದೆ.

ಕೃಷ್ಣೆ, ಘಟಪ್ರಭೆ, ಮಲಪ್ರಭೆ, ತುಂಗಭದ್ರೆಯ ದಂಡೆಯಲ್ಲಿ, ಶರಾವತಿಯ ಹಿನ್ನೀರಿನ ಸುತ್ತ ಈ ಮಾತು ಕೇಳುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ ಹರಿಗೋಲು, ದೋಣಿ ನಡೆಸಿದ ಹಿರಿಯರಿದ್ದರೆ ಒಂದು ನೋಟುಪುಸ್ತಕ ಹಿಡಿದು ಅವರ ಬಳಿ ಹೋಗಿ. ಬರೀ ಹೆಸರು ಸಾಲದು. ಯಾವ ತಿಂಗಳು, ಎಷ್ಟು ನೀರು, ಬಂಡೆಯ ಎಡಕ್ಕೋ ಬಲಕ್ಕೋ, ಹಗಲಲ್ಲಿ ಹೇಗೆ, ಕತ್ತಲಲ್ಲಿ ಹೇಗೆ ಎಂಬಷ್ಟನ್ನೂ ಕೇಳಿ ಬರೆದುಕೊಳ್ಳಿ. ಅವರು ಹೇಳುವ ಮಾತನ್ನು ಅವರ ಆಡುಮಾತಿನಲ್ಲೇ ಬರೆಯಿರಿ.